ಆರು ಸಾವಿರ ವೇಗದ ರ‍್ಯಾಮ್ ಮತ್ತು ನಾಲ್ಕು ಸ್ಲಾಟ್: ಪ್ರೊಸೆಸರ್‌ಗೆ ಹೊಂದುವ ವೇಗವನ್ನು ಹುಡುಕಿದ ಎರಡು ತಿಂಗಳು

2024ರ ಜುಲೈ ಮೊದಲ ವಾರದಲ್ಲಿ ಕೈಗೆತ್ತಿಕೊಂಡ ಕೆಲಸವೊಂದು ಸೆಪ್ಟೆಂಬರ್ ಎರಡನೆಯ ವಾರದಲ್ಲಿ, ಗಣೇಶೋತ್ಸವದ ಗದ್ದಲದ ನಡುವೆ, ಕೊನೆಗೂ ಮುಗಿಯಿತು. ಕೆಲಸ ಕೇಳುವುದಕ್ಕೆ ಸಣ್ಣದು: ಹೊಸದಾಗಿ ಜೋಡಿಸುವ ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರ್‌ಗೆ ಹೊಂದುವ ರ‍್ಯಾಮ್ (ಕೆಲಸ ನಡೆಯುವಾಗ ದತ್ತಾಂಶ ಇಟ್ಟುಕೊಳ್ಳುವ ತಾತ್ಕಾಲಿಕ ನೆನಪು) ಆರಿಸುವುದು. ಇದಕ್ಕಾಗಿ ನಾನು ಡೊಂಬಿವಲಿಯಿಂದ ಮುಂಬಯಿಯ ಕಂಪ್ಯೂಟರ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ನಾಲ್ಕು ಬಾರಿ ಹೋಗಿ ಬಂದೆ, ಎರಡು ಅರ್ಧ ದಿನದ ರಜೆ ಕಳೆದುಕೊಂಡೆ, 6,600 ರೂಪಾಯಿ ಅನ್ಯಾಯವಾಗಿ ಖರ್ಚು ಮಾಡಿದೆ. ನಮ್ಮ ಬಳಗದಲ್ಲಿ ಇನ್ನೂ ಮೂರು ನಾಲ್ಕು ಮಂದಿ ಹೊಸ ಯಂತ್ರ ಕೊಳ್ಳುವ ಯೋಚನೆಯಲ್ಲಿದ್ದಾರೆ. ಅವರಿಗೆ ಈ ಓಡಾಟ ತಪ್ಪಲಿ ಎಂದು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ಮುಂಬಯಿಯ ಕನ್ನಡ ಸಂಘಗಳು ನಡೆಸುವ ಯಕ್ಷಗಾನ ಮತ್ತು ತಾಳಮದ್ದಳೆಗಳನ್ನು ಚಿತ್ರೀಕರಿಸಿ ಸಂಕಲನ ಮಾಡುವ ಹವ್ಯಾಸ ನನಗೆ ಹಲವು ವರ್ಷಗಳಿಂದ ಇದೆ. ಮಾಟುಂಗ, ಕುರ್ಲಾ, ಡೊಂಬಿವಲಿಗಳ ಸಭಾಗೃಹಗಳಲ್ಲಿ ಮೂರು ಕ್ಯಾಮೆರಾ ಇಟ್ಟು, ಭಾಗವತರಿಗೊಂದು, ಚೆಂಡೆ ಮದ್ದಳೆಗೊಂದು, ರಂಗಸ್ಥಳಕ್ಕೆರಡು ಮೈಕ್ ಹಾಕಿ ದಾಖಲಿಸಿದ ನಾಲ್ಕು ಗಂಟೆಯ ಪ್ರಸಂಗವನ್ನು ಮನೆಗೆ ತಂದರೆ, 2015ರಲ್ಲಿ ಕೊಂಡ ನನ್ನ ಹಳೆಯ ಯಂತ್ರ ಅದನ್ನು ತೆರೆಯುವುದಕ್ಕೇ ಏದುಸಿರು ಬಿಡುತ್ತಿತ್ತು. ಅದರಲ್ಲಿ ಇದ್ದದ್ದು ಇಂಟೆಲ್ ಐ5-4460 ಪ್ರೊಸೆಸರ್ ಮತ್ತು 8 ಜಿಬಿ ಡಿಡಿಆರ್3 ರ‍್ಯಾಮ್. ಆಗ ವೇಗದ ಪ್ರಶ್ನೆಯೇ ಹುಟ್ಟಿರಲಿಲ್ಲ. ಪ್ರೊಸೆಸರ್ 1600ರ ವರೆಗೆ ಒಪ್ಪುತ್ತಿತ್ತು, ಅಂಗಡಿಯಲ್ಲಿ ಸಿಗುತ್ತಿದ್ದದ್ದೂ 1600 ಎಂದು ಅಚ್ಚಾದ ರ‍್ಯಾಮ್. ಹಾಕಿದೆವು, ಓಡಿತು. ಈ ಬಾರಿಯೂ ಹಾಗೆಯೇ ಇರುತ್ತದೆ ಎಂದು ನಂಬಿಕೊಂಡು ಹೊರಟೆ.

ಹೊಸ ಯಂತ್ರಕ್ಕೆ ಎಎಂಡಿಯ ರೈಜನ್ 5 7600 ಪ್ರೊಸೆಸರ್ ಎಂದು ಮೊದಲೇ ನಿರ್ಧರಿಸಿದ್ದೆ. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್. ಸೆಖೆಯ ಊರಿನಲ್ಲಿ ಹಗಲೆಲ್ಲ ಎಸಿ ಹಾಕದ ಕೋಣೆಗೆ ಇದು ಸರಿಯೆನಿಸಿತು. ಇದು ಎಎಂ5 ಸಾಕೆಟ್‌ನ (ಪ್ರೊಸೆಸರ್ ಕೂರುವ ಗೂಡು) ಪ್ರೊಸೆಸರ್ ಆದ್ದರಿಂದ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಮಾತ್ರ ನಡೆಯುತ್ತದೆ. ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ ಕಾಲುಗಳ ಸಂಖ್ಯೆ ಒಂದೇ, 288. ಆದರೆ ಅಂಚಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಮನೆಯಲ್ಲಿ ಹಳೆಯ ಡಿಡಿಆರ್4 ಇದೆಯೆಂದು ಉಳಿತಾಯದ ಲೆಕ್ಕ ಹಾಕುವವರು ಇದನ್ನು ಮೊದಲೇ ಗಮನಿಸಬೇಕು. ಇಂಟೆಲ್‌ನ 12, 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಎರಡನ್ನೂ ಒಪ್ಪುತ್ತವೆ. ಅಲ್ಲಿ ಯಾವುದು ಬೇಕೆಂಬುದನ್ನು ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ) ನಿರ್ಧರಿಸುತ್ತದೆ.

ಮೊದಲ ಪ್ರಯಾಣ ಒಂದು ಶನಿವಾರ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್‌ನಲ್ಲಿ ದಾದರ್, ಅಲ್ಲಿ ಸೇತುವೆ ದಾಟಿ ಪಶ್ಚಿಮ ರೈಲ್ವೆಯ ಸ್ಲೋ ಗಾಡಿಯಲ್ಲಿ ಗ್ರಾಂಟ್ ರೋಡ್, ಅಲ್ಲಿಂದ ಪೂರ್ವಕ್ಕೆ ನಡಿಗೆ. ರಸ್ತೆಯ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ್. ಆದರೆ ಮುಂಬಯಿಯಲ್ಲಿ ಯಾರನ್ನು ಕೇಳಿದರೂ ಲ್ಯಾಮಿಂಗ್ಟನ್ ರೋಡ್ ಎಂದೇ ದಾರಿ ತೋರಿಸುತ್ತಾರೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ ಎಂಬುದನ್ನು ನೌಕರಿಯಲ್ಲಿರುವವರು ನೆನಪಿಟ್ಟುಕೊಳ್ಳಬೇಕು.

ಮೂರು ಅಂಗಡಿಗಳಲ್ಲಿ ಒಂದೇ ಪ್ರಶ್ನೆ ಕೇಳಿದೆ, ಮೂರು ಉತ್ತರ ಸಿಕ್ಕವು. ಮೊದಲನೆಯವರು, ಕಂಪನಿಯೇ ಈ ಪ್ರೊಸೆಸರ್‌ಗೆ 5200 ಎಂದು ಬರೆದಿದೆ, ಅದಕ್ಕಿಂತ ಹೆಚ್ಚಿನದಕ್ಕೆ ಹಣ ಸುರಿಯಬೇಡಿ ಎಂದರು. ಎರಡನೆಯವರು ಮದರ್‌ಬೋರ್ಡಿನ ಪೆಟ್ಟಿಗೆಯನ್ನೇ ತಿರುಗಿಸಿ, ಇಲ್ಲಿ ರ‍್ಯಾಮ್ 7600ರ ವೇಗದ ವರೆಗೆ ಓಡುತ್ತದೆ ಎಂದು ಅಚ್ಚಾಗಿದೆ, ಆದ್ದರಿಂದ 7200ರದ್ದನ್ನು ಒಯ್ಯಿರಿ ಎಂದರು. ಮೂರನೆಯವರು ವೇಗದ ಮಾತನ್ನೇ ಬದಿಗಿಟ್ಟು, 32 ಜಿಬಿಯ ಒಂದೇ ಸ್ಟಿಕ್ (ಸ್ಲಾಟ್‌ನಲ್ಲಿ ಕೂರುವ ಪಟ್ಟಿ) ಹಾಕಿಕೊಳ್ಳಿ, ಮುಂದೆ ಬೇಕಾದಾಗ ಇನ್ನೊಂದು ಸೇರಿಸಬಹುದು ಎಂದರು. ಮೂವರೂ ಸುಳ್ಳು ಹೇಳುತ್ತಿರಲಿಲ್ಲ. ಮೂವರ ಮಾತಿನಲ್ಲಿಯೂ ಸತ್ಯದ ಒಂದೊಂದು ತುಂಡು ಇತ್ತು. ಆ ತುಂಡುಗಳನ್ನು ಜೋಡಿಸುವುದು ನನಗೆ ಅಂದು ಸಾಧ್ಯವಾಗಲಿಲ್ಲ. 18,300 ರೂಪಾಯಿಗೆ ಪ್ರೊಸೆಸರ್, 15,800 ರೂಪಾಯಿಗೆ ಬಿ650 ಚಿಪ್‌ಸೆಟ್‌ನ ಮದರ್‌ಬೋರ್ಡ್ ಕೊಂಡು, ರ‍್ಯಾಮ್ ಇಲ್ಲದೆ ಮನೆಗೆ ಬಂದೆ. ಅಂದು ಸುರಿಯುತ್ತಿದ್ದ ಮಳೆಯಲ್ಲಿ ಪೆಟ್ಟಿಗೆಗಳನ್ನು ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ದಾದರ್ ಸೇತುವೆ ದಾಟಿದ್ದು ಇನ್ನೂ ನೆನಪಿದೆ.

ಮುಂದಿನ ಒಂದು ವಾರ ರಾತ್ರಿ ಊಟದ ನಂತರ ಓದುತ್ತ ಕುಳಿತೆ. ಆಗ ತಿಳಿದುಕೊಂಡ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅಂಗಡಿಯ ಗಲ್ಲಾದ ಮುಂದೆ ನಿಂತು ಇದನ್ನೆಲ್ಲ ಲೆಕ್ಕ ಹಾಕುವುದು ಆಗದ ಮಾತು.

ರ‍್ಯಾಮ್ ಮೇಲೆ 6000 ಎಂದು ಬರೆದಿದ್ದರೆ, ಅದು ಒಂದು ಸೆಕೆಂಡಿನಲ್ಲಿ ಎಷ್ಟು ದಶಲಕ್ಷ ಬಾರಿ ದತ್ತಾಂಶ ಸಾಗುತ್ತದೆ ಎಂಬುದರ ಲೆಕ್ಕ. ನಿಜವಾದ ಗಡಿಯಾರದ ಮಿಡಿತ ಅದರ ಅರ್ಧ, 3000 ಮೆಗಾಹರ್ಟ್ಸ್. ಪ್ರತಿ ಮಿಡಿತದಲ್ಲಿ ಎರಡು ಬಾರಿ ದತ್ತಾಂಶ ಸಾಗುವುದರಿಂದ ಅದು ಇಮ್ಮಡಿಯಾಗುತ್ತದೆ. ಸಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ 3000 ಎಂದು ಕಂಡು ತಮಗೆ ಮೋಸವಾಯಿತೆಂದು ಗಾಬರಿಯಾಗುವವರು ಬಹಳ ಮಂದಿ, ಅದು ಮೋಸವಲ್ಲ. ಪ್ರತಿ ಸಾಗಾಟದಲ್ಲಿ ಒಂದು ಚಾನೆಲ್‌ನಿಂದ (ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ಒಂದು ದಾರಿ) 8 ಬೈಟ್ ಬರುತ್ತದೆ. ಹಾಗಾಗಿ 6000ರ ರ‍್ಯಾಮ್‌ಗೆ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 48 ಜಿಬಿ, ಎರಡು ಚಾನೆಲ್ ಸೇರಿ 96 ಜಿಬಿ. ಒಂದೇ ಸ್ಟಿಕ್ ಹಾಕಿದರೆ ಒಂದೇ ಚಾನೆಲ್ ಬಳಕೆಯಾಗಿ ಈ ಅಗಲದ ಅರ್ಧ ಮೊದಲ ದಿನವೇ ಹೋಯಿತು. ಮೂರನೆಯ ಅಂಗಡಿಯವರ ಸಲಹೆಯನ್ನು ನಾನು ಬಿಟ್ಟದ್ದು ಈ ಕಾರಣಕ್ಕೆ.

ಎರಡನೆಯದು ಸಿಎಲ್ ಎಂದು ಬರೆದಿರುವ ಅಂಕಿ. ಕೇಳಿದ ದತ್ತಾಂಶ ಕೈಗೆ ಬರಲು ಎಷ್ಟು ಮಿಡಿತಗಳ ಕಾಲ ಕಾಯಬೇಕು ಎಂಬುದು ಅದರ ಅರ್ಥ. ವೇಗ ಬೇರೆ ಬೇರೆಯಾದಾಗ ಸಿಎಲ್ ಅಂಕಿಗಳನ್ನು ನೇರವಾಗಿ ಹೋಲಿಸಬಾರದು. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡಿನಲ್ಲಿ ಉತ್ತರ ಬರುತ್ತದೆ. ನಾನು ಅಂಗಡಿಯಲ್ಲಿ ನೋಡಿದ 5200 ಸಿಎಲ್40 ಕಿಟ್‌ಗೆ (ಒಟ್ಟಿಗೆ ಮಾರುವ ಸ್ಟಿಕ್‌ಗಳ ಜೋಡಿ) ಇದು 15.4 ನ್ಯಾನೊಸೆಕೆಂಡ್, 6000 ಸಿಎಲ್30 ಕಿಟ್‌ಗೆ ಸರಿಯಾಗಿ 10, 7200 ಸಿಎಲ್34 ಕಿಟ್‌ಗೆ 9.4. ಈ ಲೆಕ್ಕ ನೋಡಿದರೆ 7200 ಗೆದ್ದಂತೆ ಕಾಣುತ್ತದೆ. ಆದರೆ ರ‍್ಯಾಮ್ ತಾನೊಂದೇ ಓಡುವುದಿಲ್ಲ. ಅದನ್ನು ಓಡಿಸುವ ಮೆಮೊರಿ ಕಂಟ್ರೋಲರ್ ಪ್ರೊಸೆಸರ್‌ನ ಒಳಗೇ ಇದೆ. ರೈಜನ್ 7000 ಸರಣಿಯಲ್ಲಿ 6000ದ ಆಸುಪಾಸಿನ ವರೆಗೆ ಕಂಟ್ರೋಲರ್ ಮತ್ತು ರ‍್ಯಾಮ್ ಎರಡೂ ಒಂದೇ ಮಿಡಿತದಲ್ಲಿ ಹೆಜ್ಜೆ ಹಾಕುತ್ತವೆ. ಅದಕ್ಕಿಂತ ಬಹಳ ಮೇಲೆ ಹೋದರೆ ಕಂಟ್ರೋಲರ್ ಅರ್ಧ ಮಿಡಿತಕ್ಕೆ ಇಳಿಯುತ್ತದೆ. ಆಗ ರ‍್ಯಾಮ್‌ನಲ್ಲಿ ಉಳಿಸಿದ ಸಮಯವನ್ನು ಕಂಟ್ರೋಲರ್ ತಿಂದುಹಾಕುತ್ತದೆ. ಹಿಮ್ಮೇಳ ಮುಮ್ಮೇಳಗಳ ಲಯ ಕೂಡಿದಾಗ ಆಟ ಏರುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. 2022ರಲ್ಲಿ ಈ ಸರಣಿಯನ್ನು ಬಿಡುಗಡೆ ಮಾಡಿದಾಗ ಎಎಂಡಿಯವರೇ 6000 ಅನ್ನು ಅತ್ಯಂತ ಹದವಾದ ವೇಗವೆಂದು ಹೇಳಿದ್ದರು.

ಹಾಗಿದ್ದರೆ ಕಂಪನಿಯ ಪುಟದಲ್ಲಿ 5200 ಎಂದು ಏಕಿದೆ? ಅದು ಅವರು ಖಾತರಿ ಕೊಡುವ ವೇಗ. 6000ಕ್ಕೆ ಏರಿಸುವುದು ಓವರ್‌ಕ್ಲಾಕಿಂಗ್ ಲೆಕ್ಕಕ್ಕೆ ಬರುತ್ತದೆ, ಮತ್ತು ಅದರಿಂದಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಎಎಂಡಿ ತನ್ನ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಇದನ್ನು ತಿಳಿದೇ ನಾನು 6000ವನ್ನು ಆರಿಸಿದೆ. ಈ ಹೊಣೆ ಬೇಡ ಎನ್ನುವವರು 5200ರಲ್ಲಿಯೇ ನಿಂತರೆ ಯಾವ ತಪ್ಪೂ ಇಲ್ಲ. ಹಳೆಯ ಎಎಂ4 ಸಾಕೆಟ್‌ನ ರೈಜನ್ 5 5600 ಇಟ್ಟುಕೊಂಡವರಿಗೂ ಇದೇ ತರ್ಕ, ಅಂಕಿಗಳು ಮಾತ್ರ ಬೇರೆ: ಅಲ್ಲಿ ಖಾತರಿಯ ವೇಗ ಡಿಡಿಆರ್4 3200, ಹದವಾದದ್ದು 3600. ಇಂಟೆಲ್ ಐ5-12400 ಆದರೆ ಡಿಡಿಆರ್4ರಲ್ಲಿ 3200, ಡಿಡಿಆರ್5ರಲ್ಲಿ 4800. ಅದರ ಜೊತೆ ಅಗ್ಗದ ಎಚ್610 ಬೋರ್ಡ್ ಹಾಕಿದ್ದರೆ ರ‍್ಯಾಮನ್ನು ಅದಕ್ಕಿಂತ ಮೇಲೆ ಏರಿಸಲು ಬರುವುದಿಲ್ಲ, ಆದ್ದರಿಂದ ದುಬಾರಿ ಕಿಟ್‌ಗೆ ಕೊಟ್ಟ ಹಣ ವ್ಯರ್ಥ.

ಎರಡನೆಯ ಪ್ರಯಾಣಕ್ಕೆ ಅರ್ಧ ದಿನದ ರಜೆ ಹಾಕಿದೆ. 16 ಜಿಬಿಯ ಎರಡು ಸ್ಟಿಕ್ ಇರುವ 6000 ಸಿಎಲ್30 ಕಿಟ್, ಪೆಟ್ಟಿಗೆಯ ಮೇಲೆ ಎಕ್ಸ್‌ಪೊ ಎಂಬ ಗುರುತು, ಶೇ 18 ಜಿಎಸ್‌ಟಿ ಸೇರಿ 11,200 ರೂಪಾಯಿ. ಎಕ್ಸ್‌ಪೊ ಎಂದರೆ ಎಎಂಡಿ ಯಂತ್ರಗಳಿಗಾಗಿ ರ‍್ಯಾಮ್ ಒಳಗೇ ಬರೆದಿಟ್ಟ ವೇಗ ಮತ್ತು ವೋಲ್ಟೇಜಿನ ಪಟ್ಟಿ; ಇಂಟೆಲ್‌ನವರ ಇಂಥದೇ ಪಟ್ಟಿಗೆ ಎಕ್ಸ್‌ಎಂಪಿ ಎಂದು ಹೆಸರು. ಬಿಲ್ಲಿನ ಮೇಲೆ ಕಿಟ್‌ನ ಸೀರಿಯಲ್ ನಂಬರನ್ನು ಬರೆಸಿಕೊಳ್ಳಬೇಕೆಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಅಂಗಡಿಯವರು ಮೊದಲು ಸುಮ್ಮನೆ ರ‍್ಯಾಮ್ 32 ಜಿಬಿ ಎಂದಷ್ಟೇ ಬರೆದಿದ್ದರು. ನಾನು ನಿಂತು ಬೇರೆ ಬಿಲ್ ಮಾಡಿಸಿಕೊಂಡೆ. ವಾರಂಟಿಗೆ ಹೋಗುವ ದಿನ ಬಂದರೆ ಕೈಹಿಡಿಯುವ ಕಾಗದ ಅದೊಂದೇ.

ಆ ರಾತ್ರಿ ಜೋಡಿಸಿದೆ. ನಾಲ್ಕು ಸ್ಲಾಟ್‌ಗಳಲ್ಲಿ ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು, ಬೋರ್ಡಿನ ಮೇಲೆ ಎ2 ಮತ್ತು ಬಿ2 ಎಂದು ಅಚ್ಚಾಗಿರುವವು, ಎರಡು ಸ್ಟಿಕ್‌ಗಳಿಗೆ ಸರಿಯಾದ ಜಾಗ. ಒಂದು ಚಾನೆಲ್‌ನ ತಂತಿ ಮೊದಲ ಸ್ಲಾಟನ್ನು ಮುಟ್ಟಿ ಎರಡನೆಯದರಲ್ಲಿ ಕೊನೆಯಾಗುತ್ತದೆ. ಕೊನೆಯಲ್ಲಿ ಸ್ಟಿಕ್ ಇಲ್ಲದಿದ್ದರೆ ಖಾಲಿ ತುದಿಯಿಂದ ಸಂಕೇತ ಹಿಂದಕ್ಕೆ ಪುಟಿದು ಗೊಂದಲ ಮಾಡುತ್ತದೆ. ಅಂಚನ್ನು ಸ್ಲಾಟ್‌ನಲ್ಲಿ ಕೂರಿಸಿ ಎರಡೂ ಹೆಬ್ಬೆರಳಿನಿಂದ ಒತ್ತಿದಾಗ ಟಕ್ ಎಂಬ ಸದ್ದು ಕೇಳಿ, ಕೊಕ್ಕೆ ತಾನಾಗಿ ಮುಚ್ಚಿಕೊಳ್ಳಬೇಕು.

ಸ್ವಿಚ್ ಒತ್ತಿದೆ. ಫ್ಯಾನ್‌ಗಳು ತಿರುಗಿದವು, ಪರದೆ ಕಪ್ಪಾಗಿಯೇ ಉಳಿಯಿತು. ಬೋರ್ಡಿನ ಅಂಚಿನಲ್ಲಿ ಡಿರ‍್ಯಾಮ್ ಎಂಬ ಅಕ್ಷರಗಳ ಪಕ್ಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡು ಆರದೆ ನಿಂತಿತು. ಒಂದು ನಿಮಿಷ ಕಾದೆ, ಎರಡು ನಿಮಿಷ ಕಾದೆ, ಮೂರನೆಯ ನಿಮಿಷಕ್ಕೆ ಕೈ ನಡುಗಿ ಸ್ವಿಚ್ ಆರಿಸಿಬಿಟ್ಟೆ. ಮತ್ತೆ ಹಾಕಿದೆ, ಮತ್ತೆ ಅದೇ ದೀಪ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಪುಸ್ತಕ ಕೊಟ್ಟಿದ್ದಾರಲ್ಲ, ಅದರಲ್ಲಿ ಏನು ಬರೆದಿದೆ ನೋಡಿದಿರಾ?" ಎಂದು ಕೇಳಿದಾಗಲೇ ಕೈಪಿಡಿಯ ನೆನಪಾದದ್ದು. ಎಎಂ5 ಯಂತ್ರಗಳು ಮೊದಲ ಬಾರಿ ಹೊತ್ತಿಕೊಳ್ಳುವಾಗ ಕಂಟ್ರೋಲರ್ ತನಗೂ ರ‍್ಯಾಮ್‌ಗೂ ನಡುವಿನ ಸಮಯವನ್ನು ತಂತಿ ತಂತಿಗೂ ಅಳೆದು ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಇದಕ್ಕೆ ಹಲವು ನಿಮಿಷಗಳು ಬೇಕು. ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ ಆರಂಭ. ಮೂರನೆಯ ಬಾರಿ ಸ್ವಿಚ್ ಹಾಕಿ, ಅಡುಗೆಮನೆಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಪರದೆ ಬೆಳಗಿತ್ತು. ಹದಿನೈದು ನಿಮಿಷ ಮುಟ್ಟದೆ ಕಾಯಿರಿ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಆ ಅರ್ಧ ಗಂಟೆಯ ಸಂಕಟ ತಪ್ಪುತ್ತಿತ್ತು.

ವಿಂಡೋಸ್ ಹಾಕಿ, ಸಂಕಲನದ ತಂತ್ರಾಂಶ ಹಾಕಿ, ಒಂದು ವಾರ ಸಂತೋಷವಾಗಿ ಕೆಲಸ ಮಾಡಿದ ಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ರ‍್ಯಾಮ್ 4800ರಲ್ಲಿ ಓಡುತ್ತಿತ್ತು. 6000ಕ್ಕೆ ಹಣ ಕೊಟ್ಟು 4800ರಲ್ಲಿ ಓಡಿಸುವವರು ನಮ್ಮಲ್ಲಿ ಎಷ್ಟೋ ಮಂದಿ ಇರಬೇಕು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಎಕ್ಸ್‌ಪೊ ತಾನಾಗಿ ಜಾರಿಗೆ ಬರುವುದಿಲ್ಲ. ಬಯೋಸ್‌ಗೆ (ಯಂತ್ರ ಹೊತ್ತಿಕೊಳ್ಳುವಾಗ ಓಡುವ ಮದರ್‌ಬೋರ್ಡಿನ ಮೂಲ ತಂತ್ರಾಂಶ) ಹೋಗಿ ಅದನ್ನು ನಾವೇ ಆರಿಸಬೇಕು. ಅದಕ್ಕೆ ಮುಂಚೆ ಬಯೋಸ್ ಅನ್ನು ಹೊಸ ಆವೃತ್ತಿಗೆ ಏರಿಸಿಕೊಂಡೆ. 2023ರಲ್ಲಿ ಇದೇ ಸರಣಿಯ ಕೆಲವು ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟ ವರದಿಗಳು ಬಂದ ಮೇಲೆ ಎಎಂಡಿ ಹೊಸ ಬಯೋಸ್ ಮೂಲಕ ಎಸ್ಒಸಿ ವೋಲ್ಟೇಜಿಗೆ (ಪ್ರೊಸೆಸರ್‌ನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಸಿಗುವ ವೋಲ್ಟೇಜ್) 1.3 ವೋಲ್ಟ್‌ನ ಮಿತಿ ಹಾಕಿತು. ಎಕ್ಸ್‌ಪೊ ಹಾಕುವವರು ಹಳೆಯ ಬಯೋಸ್‌ನಲ್ಲಿ ಹಾಕಲೇಬಾರದು. ಎಕ್ಸ್‌ಪೊ ಆರಿಸಿದಾಗ ರ‍್ಯಾಮ್ ವೋಲ್ಟೇಜ್ 1.1ರಿಂದ 1.35ಕ್ಕೆ ಏರಿತು, ಇನ್ನೊಮ್ಮೆ ಟ್ರೈನಿಂಗ್ ನಡೆಯಿತು, ಟಾಸ್ಕ್ ಮ್ಯಾನೇಜರ್‌ನಲ್ಲಿ 6000 ಎಂದು ಕಂಡಿತು. ಮೆಮ್‌ಟೆಸ್ಟ್86 ಎಂಬ ಉಚಿತ ಪರೀಕ್ಷೆಯನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಿದೆ. ನಾಲ್ಕು ಸುತ್ತಿನಲ್ಲಿ ಒಂದೂ ತಪ್ಪು ಬರಲಿಲ್ಲ. ಕಥೆ ಇಲ್ಲಿಗೆ ಮುಗಿಯಬಹುದಿತ್ತು.

ಆಗಸ್ಟ್‌ನಲ್ಲಿ ಮೂರು ಕ್ಯಾಮೆರಾಗಳ 4ಕೆ ಚಿತ್ರೀಕರಣವನ್ನು ಒಂದೇ ಕಾಲಪಟ್ಟಿಯ ಮೇಲೆ ಇಟ್ಟಾಗ 32 ಜಿಬಿ ಸಾಲದಾಯಿತು. ಒಡ್ಡೋಲಗ ಮುಗಿದು ಯುದ್ಧದ ಭಾಗ ಬರುವಷ್ಟರಲ್ಲಿ ಯಂತ್ರ ತಡವರಿಸುತ್ತಿತ್ತು, ರ‍್ಯಾಮ್ ತುಂಬಿ ಎಸ್‌ಎಸ್‌ಡಿಗೆ ಬರೆಯತೊಡಗುತ್ತಿತ್ತು. ಎರಡು ಸ್ಲಾಟ್ ಖಾಲಿ ಇವೆಯಲ್ಲ, ಅದೇ ಕಿಟ್ ಇನ್ನೊಂದು ತಂದರೆ 64 ಜಿಬಿ ಆಯಿತು ಎಂದು ಲೆಕ್ಕ ಹಾಕಿದೆ. ಅದೇ ಕಂಪನಿ, ಅದೇ ಮಾದರಿ ಸಂಖ್ಯೆ, ಅದೇ ಸಿಎಲ್30. ಇನ್ನೊಂದು ಶನಿವಾರ ಹೋಗಿ 11,400 ಕೊಟ್ಟು ತಂದೆ. ನಾನು ಕೇಳಲಿಲ್ಲ, ಅಂಗಡಿಯವರೂ ಏನನ್ನೂ ಹೇಳಲಿಲ್ಲ.

ನಾಲ್ಕೂ ಸ್ಟಿಕ್ ಹಾಕಿ ಸ್ವಿಚ್ ಒತ್ತಿದೆ. ಈ ಬಾರಿ ತಾಳ್ಮೆಯಿಂದ ಇಪ್ಪತ್ತು ನಿಮಿಷ ಕಾದೆ. ಹಳದಿ ದೀಪ ಆರಲಿಲ್ಲ. ವಿದ್ಯುತ್ ತೆಗೆದು, ಬೋರ್ಡಿನ ಮೇಲಿನ ಎರಡು ಸಣ್ಣ ಕಾಲುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿಸಿ ಸಿಮಾಸ್ (ಬಯೋಸ್‌ನಲ್ಲಿ ಉಳಿಸಿಟ್ಟ ಆಯ್ಕೆಗಳು) ಅಳಿಸಿದೆ. ಎಕ್ಸ್‌ಪೊ ಅಳಿದುಹೋಗಿ, ಯಂತ್ರ ಬಹಳ ಹೊತ್ತಿನ ನಂತರ ಹೊತ್ತಿಕೊಂಡಿತು. 64 ಜಿಬಿ ಕಂಡಿತು; ವೇಗ 3600. 6000 ಹಾಕಿದರೆ ಮತ್ತೆ ಕಪ್ಪು ಪರದೆ. 5600, ಅದೂ ಇಲ್ಲ. 5200ರಲ್ಲಿ ವಿಂಡೋಸ್ ತೆರೆಯಿತು, ಆದರೆ ಮೆಮ್‌ಟೆಸ್ಟ್86ರ ಮೊದಲ ಸುತ್ತಿನಲ್ಲಿಯೇ ಕೆಂಪು ಸಾಲುಗಳು ಬರತೊಡಗಿದವು. ರ‍್ಯಾಮ್‌ನಲ್ಲಿ ತಪ್ಪು ಬರುವ ಯಂತ್ರದಲ್ಲಿ ಸಂಕಲನ ಮಾಡುವುದೆಂದರೆ, ಮತ್ತೆ ಚಿತ್ರೀಕರಿಸಲಾಗದ ದಾಖಲೆಯನ್ನು ಕೈಯಾರೆ ಕೆಡಿಸಿದಂತೆ. ಅಂದು ಸಂಜೆ ನನಗೆ ನಿಜವಾಗಿ ಭಯವಾಯಿತು. ಆ ತಿಂಗಳು ದಾಖಲಿಸಿದ ಪ್ರಸಂಗದಲ್ಲಿ ಎಪ್ಪತ್ತು ದಾಟಿದ ಹಿರಿಯ ಕಲಾವಿದರೊಬ್ಬರ ವೇಷವಿತ್ತು.

ಆಗ ಪ್ರೊಸೆಸರ್‌ನ ಅಧಿಕೃತ ಪುಟವನ್ನು ಮತ್ತೆ ತೆರೆದೆ. ಜುಲೈಯಲ್ಲಿ ನಾನು ಅದರಲ್ಲಿ 5200 ಎಂಬ ಒಂದು ಅಂಕಿಯನ್ನು ಮಾತ್ರ ಓದಿದ್ದೆ. ಅಲ್ಲಿರುವುದು ನಾಲ್ಕು ಸಾಲು (ರ‍್ಯಾಂಕ್ ಎಂದರೆ ಸ್ಟಿಕ್‌ನ ಮೇಲೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪು). ಎರಡು ಸ್ಟಿಕ್, ಒಂದು ರ‍್ಯಾಂಕ್: 5200. ಎರಡು ಸ್ಟಿಕ್, ಎರಡು ರ‍್ಯಾಂಕ್: 5200. ನಾಲ್ಕು ಸ್ಟಿಕ್, ಒಂದು ರ‍್ಯಾಂಕ್: 3600. ನಾಲ್ಕು ಸ್ಟಿಕ್, ಎರಡು ರ‍್ಯಾಂಕ್: 3600. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಬೆರಳಿಟ್ಟು ಕೆಳಗಿನ ಎರಡು ಸಾಲು ಓದಿದ್ದರೆ 11,400 ರೂಪಾಯಿ ಉಳಿಯುತ್ತಿತ್ತು. ಒಂದೇ ಚಾನೆಲ್‌ನ ತಂತಿಗಳ ಮೇಲೆ ಎರಡು ಸ್ಟಿಕ್‌ಗಳ ಭಾರ ಬಿದ್ದಾಗ ಸಂಕೇತ ಮಂಕಾಗುತ್ತದೆ, ಒಂದರಿಂದ ಪುಟಿದದ್ದು ಇನ್ನೊಂದಕ್ಕೆ ಅಡ್ಡ ಬರುತ್ತದೆ; ಡಿಡಿಆರ್5ರ ವೇಗದಲ್ಲಿ ಇದನ್ನು ಸರಿದೂಗಿಸುವುದು ಕಂಟ್ರೋಲರ್‌ಗೆ ಬಹಳ ಕಷ್ಟ. ಕೆಲವರಿಗೆ ನಾಲ್ಕು ಸ್ಟಿಕ್ ಇನ್ನೂ ಹೆಚ್ಚಿನ ವೇಗದಲ್ಲಿ ಓಡುವುದುಂಟು, ಆದರೆ ಅದು ಆ ಪ್ರೊಸೆಸರ್, ಆ ಬೋರ್ಡಿನ ಅದೃಷ್ಟ. ಅಂಗಡಿಯಲ್ಲಿ ಅದಕ್ಕೆ ಯಾರೂ ಹೊಣೆ ಹೊರುವುದಿಲ್ಲ.

ನಾಲ್ಕನೆಯ ಪ್ರಯಾಣ ಸೆಪ್ಟೆಂಬರ್ ಮೊದಲ ವಾರ. ಕೊಂಡ ಅಂಗಡಿಯಲ್ಲಿ, ಸೀಲ್ ಒಡೆದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ, ಸ್ಟಿಕ್‌ನಲ್ಲಿ ದೋಷವಿದ್ದರೆ ಮಾತ್ರ ಕಂಪನಿಗೆ ಕಳಿಸುತ್ತೇವೆ ಎಂದರು. ದೋಷವಿರಲಿಲ್ಲ, ಎರಡೆರಡಾಗಿ ಹಾಕಿದರೆ ಎರಡು ಕಿಟ್‌ಗಳೂ 6000ದಲ್ಲಿ ಸರಿಯಾಗಿ ಓಡುತ್ತಿದ್ದವು. ಹೊರಗೆ ಮೆಟ್ಟಿಲ ಮೇಲೆ ನಿಂತು ಮನೆಗೆ ಫೋನ್ ಮಾಡಿ ಇದನ್ನೇ ಹೇಳುತ್ತಿದ್ದಾಗ, ಪಕ್ಕದ ರಿಪೇರಿ ಅಂಗಡಿಯ ಯುವಕನೊಬ್ಬ ಕೆಲಸ ನಿಲ್ಲಿಸಿ ನನ್ನತ್ತ ನೋಡಿದ.

"ಸರ, ನಾಕೂ ಸ್ಲಾಟ್ ತುಂಬಿಸೀರೇನ್ರಿ?" ಎಂದು ಕೇಳಿದ. ಜಮಖಂಡಿ ಕಡೆಯವನಂತೆ, ಆರು ವರ್ಷದಿಂದ ಇಲ್ಲಿಯೇ ಕೆಲಸ. ಹೌದೆಂದೆ. "ಡಿಡಿಆರ್5ನ್ಯಾಗ ನಾಕು ಹಾಕಿದ್ರ ಭಾಳ ತ್ರಾಸ್ ರೀ. ಎರಡಾ ಹಾಕ್ರಿ, ದೊಡ್ಡವು ಹಾಕ್ರಿ. ನಮ್ಮ ಕಡೆ ದಿನಾ ಒಬ್ರು ಹಿಂಗಾ ಬರ್ತಾರ."

ಬಳಸಿದ ರ‍್ಯಾಮ್ ಕೊಳ್ಳುವ ಅಂಗಡಿಗೆ ಅವನೇ ಕರೆದೊಯ್ದ. ಅವರು ಎರಡೂ ಕಿಟ್‌ಗಳನ್ನು ತಮ್ಮ ಯಂತ್ರದಲ್ಲಿ ಹಾಕಿ, ಬಿಲ್ಲಿನ ಸೀರಿಯಲ್ ನಂಬರನ್ನು ಸ್ಟಿಕ್‌ನ ಚೀಟಿಯೊಂದಿಗೆ ಹೋಲಿಸಿ ನೋಡಿದರು. ಒಂದೊಂದಕ್ಕೆ 8,000ದಂತೆ 16,000 ಕಟ್ಟಿದರು. ಬಿಲ್ಲಿನಲ್ಲಿ ಆ ನಂಬರ್ ಇಲ್ಲದಿದ್ದರೆ ಆರು ಸಾವಿರಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ ಎಂದು ಅವರೇ ಹೇಳಿದರು. 32 ಜಿಬಿಯ ಎರಡು ಸ್ಟಿಕ್ ಇರುವ 6000 ಸಿಎಲ್30 ಎಕ್ಸ್‌ಪೊ ಕಿಟ್‌ನ ಬೆಲೆ ಅಂದು 20,800 ಇತ್ತು. ಮೇಲೆ 4,800 ಕೊಟ್ಟು ತೆಗೆದುಕೊಂಡೆ. ಕೊಳ್ಳುವ ಮುಂಚೆ ಈ ಬಾರಿ ಮದರ್‌ಬೋರ್ಡ್ ಕಂಪನಿಯ ಪುಟದಲ್ಲಿ ಪರೀಕ್ಷಿಸಿದ ರ‍್ಯಾಮ್‌ಗಳ ಪಟ್ಟಿಯನ್ನು ಫೋನಿನಲ್ಲಿಯೇ ತೆರೆದು, ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆಯನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿದೆ. ಆ ಪಟ್ಟಿಯಲ್ಲಿ ಎರಡು ಸ್ಟಿಕ್‌ಗೆ ಒಂದು ಕಲಂ, ನಾಲ್ಕು ಸ್ಟಿಕ್‌ಗೆ ಇನ್ನೊಂದು ಕಲಂ ಇರುತ್ತದೆ; ನಿಮ್ಮ ಸಂಖ್ಯೆಯ ಎದುರು ಯಾವ ಕಲಂನಲ್ಲಿ ಗುರುತಿದೆ ಎಂಬುದನ್ನು ನೋಡುವುದು ಮುಖ್ಯ. ಜಮಖಂಡಿಯ ಆ ತಮ್ಮ ಚಹಾ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಲು ಒಪ್ಪಲಿಲ್ಲ.

ವೇಗದಿಂದ ನನ್ನ ಕೆಲಸಕ್ಕೆ ಎಷ್ಟು ಲಾಭವಾಯಿತು ಎಂದು ಕೇಳುವವರಿಗಾಗಿ, ನಾಲ್ಕು ಸ್ಟಿಕ್‌ಗಳು 3600ರಲ್ಲಿ ಓಡುತ್ತಿದ್ದಾಗ ಒಂದು ಪ್ರಸಂಗದ ಒಂದೇ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ ಸಮಯ ಬರೆದಿಟ್ಟಿದ್ದೆ: 52 ನಿಮಿಷ. ಅದೇ ಭಾಗ ಈಗ 6000ದಲ್ಲಿ 48 ನಿಮಿಷ. ನಾಲ್ಕು ನಿಮಿಷದ ವ್ಯತ್ಯಾಸ ಹೇಳಿಕೊಳ್ಳುವಂಥದ್ದಲ್ಲ. ಆದರೆ 32 ಜಿಬಿ ಇದ್ದಾಗಿನ ತಡವರಿಕೆ 64 ಆದ ಮೇಲೆ ಪೂರ್ತಿ ಹೋಯಿತು, ಅದೂ 3600ರಲ್ಲಿಯೇ. ಆದ್ದರಿಂದ ಸಂಕಲನದಂಥ ಕೆಲಸ ಮಾಡುವವರು ಮೊದಲು ಎಷ್ಟು ಜಿಬಿ ಬೇಕೆಂದು ನಿರ್ಧರಿಸಿ, ಅದನ್ನು ಎರಡೇ ಸ್ಟಿಕ್‌ಗಳಲ್ಲಿ ಕೊಂಡು, ಆಮೇಲೆ ವೇಗದ ವಿಚಾರಕ್ಕೆ ಬರುವುದು ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ. ಆಟ ಆಡುವ ಮಕ್ಕಳಿಗಾಗಿ ಯಂತ್ರ ಕಟ್ಟುವವರಿಗೆ ವೇಗ ಮತ್ತು ಸಿಎಲ್ ಹೆಚ್ಚು ಮುಖ್ಯವಾಗುತ್ತವೆ. ಅಲ್ಲಿ 32 ಜಿಬಿಯ ಕಿಟ್ ಸಾಕು.

ಹೊಸ ಕಿಟ್ ಹಾಕಿದ ದಿನ ಟ್ರೈನಿಂಗ್ ಏಳು ನಿಮಿಷ ತೆಗೆದುಕೊಂಡಿತು. ಎಕ್ಸ್‌ಪೊ ಆರಿಸಿ, ಎಸ್ಒಸಿ ವೋಲ್ಟೇಜ್ 1.3ಕ್ಕಿಂತ ಕೆಳಗಿದೆಯೆಂದು ನೋಡಿಕೊಂಡು, ರಾತ್ರಿ ಹತ್ತಕ್ಕೆ ಮೆಮ್‌ಟೆಸ್ಟ್86 ಆರಂಭಿಸಿದೆ. ಬೆಳಿಗ್ಗೆ ಎದ್ದಾಗ ಕೊನೆಯ ಸುತ್ತು ಇನ್ನೂ ನಡೆಯುತ್ತಿತ್ತು. ಕೆಳಗಿನ ಪೆಂಡಾಲಿನಲ್ಲಿ ಆರತಿ ಆರಂಭವಾಗುವ ಹೊತ್ತಿಗೆ ಮುಗಿದು, ತಪ್ಪುಗಳ ಎದುರು 0 ಎಂದು ತೋರಿಸಿತು. ಪ್ರತಿ ಬಾರಿ ಸ್ವಿಚ್ ಹಾಕಿದಾಗ ಸುಮಾರು ಒಂದು ನಿಮಿಷ ಕಾಯಬೇಕಾಗುತ್ತಿತ್ತು. ಬಯೋಸ್‌ನಲ್ಲಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ (ಹಿಂದಿನ ಟ್ರೈನಿಂಗ್‌ನ ಫಲವನ್ನೇ ಮತ್ತೆ ಬಳಸುವ ಆಯ್ಕೆ) ಎಂಬುದನ್ನು ಆನ್ ಮಾಡಿದ ಮೇಲೆ ಅದೂ ನಿಂತಿತು, ಆದರೆ ಅದನ್ನು ಬದಲಿಸಿದ ಮೇಲೆ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸಿಯೇ ನಂಬಿದೆ. ಮೂರು ಬಿಲ್ಲುಗಳ ಜೆರಾಕ್ಸ್ ಪ್ರತಿ ಮತ್ತು 6000, 1.35 ವೋಲ್ಟ್, ಎ2-ಬಿ2 ಎಂದು ಬರೆದ ಚೀಟಿಯನ್ನು ಕ್ಯಾಬಿನೆಟ್‌ನ ಪಕ್ಕದ ಮುಚ್ಚಳದ ಒಳಬದಿಗೆ ಟೇಪ್ ಹಚ್ಚಿ ಅಂಟಿಸಿದ್ದೇನೆ. ಆ ಹಿರಿಯ ಕಲಾವಿದರ ಪ್ರಸಂಗದ ಸಂಕಲನ ಅದೇ ಮಧ್ಯಾಹ್ನ ಆರಂಭವಾಯಿತು.